ಹಳೆಯ ಫೋನಿನಲ್ಲಿ ಒಮ್ಮೆ ಹುಡುಕಿ ನೋಡಿ

ಉಡುಪಿ

ಪ್ರೀತಿಯ ಪೋಷಕರೇ,

ನಮಸ್ಕಾರ. ಶಾಲೆಯ ಆಫೀಸಿನ ಕಂಪ್ಯೂಟರ್ ಕೆಟ್ಟ ವಿಷಯ ಮಕ್ಕಳು ಮನೆಯಲ್ಲಿ ಹೇಳಿರಬಹುದು. ಮೊನ್ನೆಯ ಗುಡುಗು ಮಳೆಗೆ ಕರೆಂಟ್ ಹೋಗಿ ಬಂದು ಮಾಡುತ್ತಿತ್ತು. ಮರುದಿನ ಆನ್ ಮಾಡಿದಾಗ ಒಳಗಿನಿಂದ ಟಕ್ ಟಕ್ ಎಂದು ಸದ್ದು. ಹಳೆಯ ಕಂಪ್ಯೂಟರ್ ಅಲ್ವಾ ಎಂದುಕೊಂಡು ಎರಡು ದಿನ ಹಾಗೆಯೇ ಕೆಲಸ ಮಾಡಿದೆವು. ಮೂರನೇ ದಿನ ಅದು ತೆರೆಯಲೇ ಇಲ್ಲ. ಫೈಲುಗಳೆಲ್ಲ ಇರುವ ಹಾರ್ಡ್ ಡಿಸ್ಕ್ ಹೋಗಿದೆ ಎಂದು ರಿಪೇರಿಯವರು ಹೇಳಿದರು.

ಮಕ್ಕಳ ದಾಖಲಾತಿಯ ಬಗ್ಗೆ ಚಿಂತೆ ಬೇಡ. ಅದು ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆಯಾದ ಎಸ್‌ಎಟಿಎಸ್‌ನಲ್ಲಿದೆ, ರಿಜಿಸ್ಟರಿನಲ್ಲೂ ಇದೆ. ಹೋದದ್ದು ಬೇರೆ. ವಾರ್ಷಿಕೋತ್ಸವದ ಫೋಟೋಗಳು, ಮಕ್ಕಳ ಯಕ್ಷಗಾನದ ವೀಡಿಯೊ. ಎಲ್ಲಕ್ಕಿಂತ ಜಾಸ್ತಿ ನೋವು ತಂದದ್ದು, ಏಳನೇ ತರಗತಿಯ ಮಕ್ಕಳು ಮೂರು ವರ್ಷಗಳಿಂದ ತಮ್ಮ ಅಜ್ಜಿಯಂದಿರಿಂದ ಹಾಡಿಸಿ ರೆಕಾರ್ಡ್ ಮಾಡಿಕೊಂಡು ಬಂದ ಪಾಡ್ದನಗಳು. ಗದ್ದೆಯಲ್ಲಿ ನೇಜಿ (ಭತ್ತದ ಸಸಿ) ನೆಡುವಾಗ ಹಾಡುತ್ತಿದ್ದ ತುಳು ಹಾಡುಗಳು ಅವು. ಹಾಡಿದವರಲ್ಲಿ ಇಬ್ಬರು ಈಗ ಇಲ್ಲ.

ಕಾಪಿ ಇಟ್ಟಿರಲಿಲ್ವಾ ಎಂದು ನೀವು ಕೇಳಬಹುದು. ಇಟ್ಟಿದ್ದೆವು, ಡಿ ಡ್ರೈವ್‌ನಲ್ಲಿ. ಆದರೆ ನಮ್ಮ ಕಂಪ್ಯೂಟರಿನಲ್ಲಿ ಸಿ, ಡಿ ಎರಡೂ ಒಂದೇ ಡಿಸ್ಕಿನ ಭಾಗಗಳು. ಒಂದೇ ಕಪಾಟಿನ ಎರಡು ಖಾನೆಗಳ ಹಾಗೆ. ಕಪಾಟಿಗೇ ಒರಲೆ ಹಿಡಿದರೆ ಯಾವ ಖಾನೆ ಉಳಿಯುತ್ತದೆ? ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕಿತ್ತು. ಆ ಹೊಣೆ ನನ್ನದು.

ಹಾರ್ಡ್ ಡಿಸ್ಕಿನೊಳಗೆ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸಲ ತಿರುಗುತ್ತಿರುತ್ತವೆ. ಓದುವ ಬರೆಯುವ ಪುಟ್ಟ ಹೆಡ್ ಅವುಗಳ ಮೇಲೆ ಕೂದಲೆಳೆಗಿಂತ ಎಷ್ಟೋ ಕಡಿಮೆ ಅಂತರದಲ್ಲಿ ತೇಲುತ್ತದೆ. ಡಿಸ್ಕ್ ಕೈಜಾರಿ ಬಿದ್ದರೆ, ವಯಸ್ಸಾಗಿ ಸವೆದರೆ ಹೆಡ್ ತಟ್ಟೆಗೆ ತಾಗಿ ಗೀರುತ್ತದೆ. ಟಕ್ ಟಕ್ ಸದ್ದು ಕೇಳಿದರೆ ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ. ನಾವು ಮಾಡಿದ್ದು ಅದೇ. ಹೊಸ ಲ್ಯಾಪ್‌ಟಾಪಿನಲ್ಲಿ ಹಾರ್ಡ್ ಡಿಸ್ಕಿನ ಬದಲು ಇರುವ ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗ ಇಲ್ಲ, ನಿಜ. ಆದರೆ ಅದೂ ಕೆಡುತ್ತದೆ. ಎಷ್ಟೋ ಸಲ ಸದ್ದಿಲ್ಲದೆ, ಒಮ್ಮೆಲೇ.

ಮನೆಯಲ್ಲೂ ಇದನ್ನು ನೋಡಿಕೊಳ್ಳಿ. ಮುಖ್ಯವಾದ ಫೋಟೋ, ಕಾಗದಪತ್ರದ ಕಾಪಿ ಬೇರೆಯದೇ ಡಿಸ್ಕಿನಲ್ಲಿರಲಿ. ಕಾಪಿ ಆದ ಕೂಡಲೇ ಆ ಡಿಸ್ಕನ್ನು ಕಂಪ್ಯೂಟರಿನಿಂದ ತೆಗೆದಿಡಿ. ಸುಮ್ನೆ ಚುಚ್ಚಿಟ್ಟರೆ ಒಂದೇ ಸಿಡಿಲಿಗೆ ಎರಡೂ ಹೋಗುತ್ತವೆ. ಇನ್ನೊಂದು ಕಾಪಿ ಮನೆಯಿಂದ ಹೊರಗಿರಲಿ, ಅಣ್ಣನ ಮನೆಯಲ್ಲಾದರೂ ಸರಿ. ಗೂಗಲ್ ಖಾತೆಯಲ್ಲಿ 15 ಜಿಬಿವರೆಗೆ ಜಾಗ ಸಿಗುತ್ತದೆ, ಹಣ ಕೊಡಬೇಕಾಗಿಲ್ಲ. ಆದರೆ ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆದ ಚಿತ್ರವನ್ನು ಆ ಆ್ಯಪ್‌ನಲ್ಲೇ ಡಿಲೀಟ್ ಮಾಡಿದರೆ ಅಲ್ಲಿಂದಲೂ ಹೋಗುತ್ತದೆ. ಇದು ಎಷ್ಟೋ ಜನರಿಗೆ ಗೊತ್ತಿಲ್ಲ.

ಈಗ ನನ್ನ ಕೋರಿಕೆ. ಆ ಪಾಡ್ದನಗಳನ್ನು ಮಕ್ಕಳು ರೆಕಾರ್ಡ್ ಮಾಡಿದ್ದು ನಿಮ್ಮ ಫೋನುಗಳಲ್ಲಿ. ಕಪಾಟಿನ ಮೂಲೆಯಲ್ಲಿರುವ ಹಳೆಯ ಫೋನ್, ಮೆಮೊರಿ ಕಾರ್ಡ್ ಎಲ್ಲ ದಯವಿಟ್ಟು ಹುಡುಕಿ. ನಾಲ್ಕು ಸಾಲು ಸಿಕ್ಕಿದರೂ ಸಾಕು. ಫೋಟೋಗಳನ್ನು ಮಾತ್ರ ವಾಟ್ಸಾಪಿನಲ್ಲಿ ಹಾಗೆಯೇ ಕಳಿಸಬೇಡಿ, ಸ್ಪಷ್ಟತೆ ಕಡಿಮೆಯಾಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಪೆನ್‌ಡ್ರೈವ್‌ನಲ್ಲಿ ತನ್ನಿ. ಸಿಕ್ಕಿದ್ದನ್ನೆಲ್ಲ ಈ ಸಲ ಎರಡು ಬೇರೆ ಬೇರೆ ಡಿಸ್ಕಿಗೆ ಹಾಕುತ್ತೇವೆ. ಒಂದು ಶಾಲೆಯಲ್ಲಿ, ಇನ್ನೊಂದು ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಅಧ್ಯಕ್ಷರ ಮನೆಯಲ್ಲಿ ಇರುತ್ತದೆ.

ಶನಿವಾರ ತರಗತಿ ಮುಗಿದ ಮೇಲೆ ಮಧ್ಯಾಹ್ನ ಎರಡು ಗಂಟೆವರೆಗೆ ಕಂಪ್ಯೂಟರ್ ಕೋಣೆ ತೆರೆದಿರುತ್ತದೆ. ಆನ್ ಆಗದ ಫೋನ್ ಆದರೂ ತನ್ನಿ. ಅದರ ಚಾರ್ಜರ್ ಇದ್ದರೆ ಅದನ್ನೂ ತನ್ನಿ.

ನಿಮ್ಮ,
ಮುಖ್ಯ ಶಿಕ್ಷಕಿ