ಹತ್ತನೇ ತರಗತಿಯ ಫೋಟೊಗೆ ಐದು ನಿಮಿಷ ಕೊಡಿ

ಸಂಪಾದಕರಿಗೆ ನಮಸ್ಕಾರ.

ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯು ಪರೀಕ್ಷೆಗೆ ಹೆಸರು ನೋಂದಾಯಿಸುವ ದಿನಗಳು ಬಂದವೆಂದರೆ ಗದಗ ಸೀಮೆಯ ಹಲವು ಶಾಲೆಗಳಲ್ಲಿ ಮಕ್ಕಳನ್ನು ವರಾಂಡದ ಗೋಡೆಗೆ ಸಾಲಾಗಿ ನಿಲ್ಲಿಸಿ ಮೊಬೈಲಿನಲ್ಲಿ ಫೋಟೊ ಹೊಡೆಯುತ್ತಾರೆ. ಒಂದು ಮಗುವಿಗೆ ಹತ್ತು ಸೆಕೆಂಡೂ ಸಿಗುವುದಿಲ್ಲ. ಹಾಲ್ ಟಿಕೆಟ್ ಮೇಲೆ ಬರುವುದು ಅದೇ ಫೋಟೊ. ಕಾಲೇಜು ಪ್ರವೇಶ, ವಿದ್ಯಾರ್ಥಿವೇತನ, ಬಸ್ ಪಾಸು ಎಂದು ಮುಂದೆ ವರ್ಷಗಟ್ಟಲೆ ತಿರುಗುವುದೂ ಅದೇ. ಶಿಕ್ಷಕರ ಮೇಲೆ ಎಷ್ಟು ಕೆಲಸ ಬಿದ್ದಿದೆ ಎಂಬುದು ನಮಗೆ ಗೊತ್ತು, ಅವರನ್ನು ದೂರುತ್ತಿಲ್ಲ. ನಮ್ಮ ಕೋರಿಕೆ ಇಷ್ಟೆ: ವರ್ಷಕ್ಕೆ ಒಂದು ದಿನ, ಒಂದು ಕೋಣೆ, ಒಂದು ಮಗುವಿಗೆ 5 ನಿಮಿಷ. 60 ಮಕ್ಕಳ ತರಗತಿಗೆ 5 ತಾಸು ಸಾಕು. ಹತ್ತಿರದ ಯಾವುದೇ ಸ್ಟುಡಿಯೊದವರನ್ನು ಕರೆಸಬಹುದು. ಅದಾಗದಿದ್ದರೆ ಮೊಬೈಲಿನಲ್ಲೇ ಆದರೂ ಸರಿಯಾಗಿ ತೆಗೆಯಬಹುದು.

ಮೊಬೈಲ್ ಫೋಟೊ ಕೆಡುವುದಕ್ಕೆ ಮುಖ್ಯ ಕಾರಣ ದೂರ. ಮೊಬೈಲಿನ ಮುಖ್ಯ ಲೆನ್ಸು ಅಗಲವಾಗಿ ನೋಡುವಂಥದ್ದು. ಮುಖ ಚೌಕಟ್ಟು ತುಂಬಲಿ ಎಂದು ಒಂದೂವರೆ ಅಡಿ ಹತ್ತಿರಕ್ಕೆ ಹೋದರೆ ಮೂಗು ದಪ್ಪಗಾಗುತ್ತದೆ, ಕಿವಿಗಳು ಹಿಂದಕ್ಕೆ ಸರಿದು ಅಡಗುತ್ತವೆ. 5–6 ಅಡಿ ದೂರ ನಿಂತು 2 ಪಟ್ಟು ಜೂಮ್ ಮಾಡಿ ತೆಗೆದರೆ ಅದೇ ಮುಖ ಇದ್ದಂತೆ ಬರುತ್ತದೆ. ಕ್ಯಾಮೆರಾದಲ್ಲಾದರೆ ಕ್ರಾಪ್ ಸೆನ್ಸರಿಗೆ (ಚಿಕ್ಕ ಸೆನ್ಸರಿನ ಕ್ಯಾಮೆರಾ) 50 ಮಿಮೀ, ಫುಲ್ ಫ್ರೇಮಿಗೆ (ದೊಡ್ಡ ಸೆನ್ಸರಿನದು) 85 ಮಿಮೀ ಲೆನ್ಸು. ಲೆನ್ಸು ಮಗುವಿನ ಕಣ್ಣಿನ ಮಟ್ಟದಲ್ಲಿರಬೇಕು. ಎತ್ತರದವರು ನಿಂತಲ್ಲಿಂದಲೇ ಹೊಡೆದರೆ ಹಣೆ ದೊಡ್ಡದಾಗಿ ಗದ್ದ ಮಾಯವಾಗುತ್ತದೆ.

ಎರಡನೆಯದು ಗೋಡೆ. ನಮ್ಮ ಶಾಲೆಗಳ ಗೋಡೆಗೆ ಎದೆಯೆತ್ತರದವರೆಗೆ ನೀಲಿ ಅಥವಾ ಹಸಿರು ಆಯಿಲ್ ಪೇಂಟ್ ಬಳಿದಿರುತ್ತಾರೆ. ಬಿಸಿಲು ಆ ಬಣ್ಣಕ್ಕೆ ಬಡಿದು ಗದ್ದದ ಕೆಳಗೆ, ಕೆನ್ನೆಯ ಮಗ್ಗುಲಿಗೆ ಅದೇ ಬಣ್ಣ ಹಿಡಿಯುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಎಷ್ಟು ತಿದ್ದಿದರೂ ಒಂದು ಕಡೆ ಸರಿಹೋದರೆ ಇನ್ನೊಂದು ಕಡೆ ಕೆಡುತ್ತದೆ. ಒಳಗೆ ಟ್ಯೂಬ್‌ಲೈಟ್ ಬೆಳಕಿನಲ್ಲಿ ತೆಗೆದರೆ ಅಡ್ಡಪಟ್ಟಿ ಬರುವುದುಂಟು. ನಮ್ಮ ಕರೆಂಟು 50 ಹರ್ಟ್ಜ್, ಹಳೆಯ ಟ್ಯೂಬು ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಶಟರ್ ವೇಗವನ್ನು 1/50 ಅಥವಾ 1/100 ಸೆಕೆಂಡಿಗೆ ಇಟ್ಟರೆ ಪಟ್ಟಿ ಹೋಗುತ್ತದೆ. ಇದೆಲ್ಲ ತಾಪತ್ರಯ ಬೇಡವೆಂದರೆ ಒಂದು ತಿಳಿ ಬೂದು ಅಥವಾ ಬಿಳಿ ಬಟ್ಟೆ ಕಟ್ಟಿ, ಮಗುವನ್ನು ಅದರಿಂದ 4 ಅಡಿ ಮುಂದೆ ಸ್ಟೂಲಿನ ಮೇಲೆ ಕೂಡಿಸಬೇಕು. ಬಟ್ಟೆಗೆ ಅಂಟಿ ಕೂತರೆ ತಲೆಯ ಹಿಂದೆ ಕಪ್ಪು ನೆರಳು ಬೀಳುತ್ತದೆ. ಸಮವಸ್ತ್ರದ ಅಂಗಿ ಬಿಳಿ, ಪರದೆಯೂ ಬಿಳಿ ಆದರೆ ಭುಜದ ಅಂಚೇ ಕಾಣುವುದಿಲ್ಲ. ಅಂಥ ಶಾಲೆಗೆ ಬೂದು ಬಣ್ಣವೇ ಒಳ್ಳೆಯದು, ಅರ್ಜಿ ಬಿಳಿಯನ್ನೇ ಕೇಳಿದ್ದರೆ ಮಾತ್ರ ಬಿಳಿ.

ಸ್ಟುಡಿಯೊ ಬೆಳಕಿಗೆ ದುಬಾರಿ ಸಾಮಾನು ಬೇಕಿಲ್ಲ. ಅಂಬ್ರೆಲಾ ಹಾಕಿದ ಒಂದು ಫ್ಲ್ಯಾಶ್ 45 ಡಿಗ್ರಿ ಪಕ್ಕದಲ್ಲಿ, ಕಣ್ಣಿಗಿಂತ ತುಸು ಮೇಲೆ. ಎದುರು ಮಗ್ಗುಲಿಗೆ ಒಂದು ಬಿಳಿ ಥರ್ಮೋಕೋಲ್ ಶೀಟು. ಪರದೆಗೊಂದು ಸಣ್ಣ ಫ್ಲ್ಯಾಶ್. ಐಎಸ್‌ಒ (ಬೆಳಕಿನ ಸೂಕ್ಷ್ಮತೆ) 100, ಶಟರ್ 1/125, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 8ರಿಂದ ಶುರುಮಾಡಿ, ಮೊದಲ ಮಗುವಿಗೆ ಸರಿಹೊಂದಿಸಿದ ಮೇಲೆ ಕೊನೆಯ ಮಗುವಿನವರೆಗೆ ಬದಲಿಸಬಾರದು. ವೋಲ್ಟೇಜ್ ಇಳಿದಾಗ ಫ್ಲ್ಯಾಶ್ ತುಂಬಲು ಹೊತ್ತು ಹಿಡಿಯುತ್ತದೆ, ಪೂರ್ತಿ ತುಂಬುವ ಮುಂಚೆ ಹೊಡೆದರೆ ಫೋಟೊ ಕಪ್ಪಾಗುತ್ತದೆ. ಬಯಲಲ್ಲಿ ಸ್ಟ್ಯಾಂಡು ನಿಲ್ಲಿಸಿದರೆ ಅದರ ಕಾಲಿಗೆ 5 ಕೆಜಿ ಉಸುಕಿನ ಚೀಲ ಕಟ್ಟಲೇಬೇಕು. ಕಪ್ಪತಗುಡ್ಡದ ಕಡೆಯಿಂದ ಬೀಸುವ ಗಾಳಿಗೆ ಅಂಬ್ರೆಲಾ ಸಮೇತ ಸ್ಟ್ಯಾಂಡು ಮಕ್ಕಳ ಮೇಲೆ ಬೀಳಬಹುದು.

ಇನ್ನು ಮೈಬಣ್ಣದ ಮಾತು. ಇದನ್ನು ಬಿಡಿಸಿ ಹೇಳಬೇಕು. ಕ್ಯಾಮೆರಾ ಆಟೊದಲ್ಲಿದ್ದರೆ ಎದುರಿನ ಬಿಳಿ ಪರದೆ, ಬಿಳಿ ಅಂಗಿಯನ್ನು ಕಂಡು ಬೆಳಕು ಹೆಚ್ಚಾಯಿತೆಂದು ತಿಳಿದು ಇಡೀ ಫೋಟೊವನ್ನೇ ಮಂಕು ಮಾಡುತ್ತದೆ. ಕಪ್ಪು ಮೈಬಣ್ಣದ ಮಗು ಆಗ ಇರುವುದಕ್ಕಿಂತ ಕಪ್ಪಾಗಿ, ಕಣ್ಣು ಮೂಗು ಒಂದೂ ತಿಳಿಯದಂತೆ ಬರುತ್ತದೆ. ಅದನ್ನು ನೋಡಿದ ತಾಯಿ "ಸ್ವಲ್ಪ ಬೆಳ್ಳಗ ಮಾಡಿ ಕೊಡ್ರೀ" ಎನ್ನುತ್ತಾರೆ. ಅಂಗಡಿಯವರು ಚರ್ಮವನ್ನೇ ತಿಕ್ಕಿ ಬೆಳ್ಳಗೆ ಮಾಡಿ ಕೊಡುತ್ತಾರೆ. ತಪ್ಪು ಆಗಿದ್ದು ಬೆಳಕಿನಲ್ಲಿ, ತಿದ್ದಿದ್ದು ಮಗುವನ್ನು. ಎಕ್ಸ್‌ಪೋಜರ್ ಒಂದು ಸ್ಟಾಪ್, ಅಂದರೆ ಬೆಳಕನ್ನು ಎರಡು ಪಟ್ಟು, ಏರಿಸಿ ತೆಗೆದರೆ ಕಪ್ಪು ಮೈಬಣ್ಣ ಕಪ್ಪಾಗಿಯೇ, ಕಾಂತಿಯಿಂದ ಬರುತ್ತದೆ. ತಾಯಿ ಆ ಮಾತು ಕೇಳುವ ಪ್ರಸಂಗವೇ ಬರುವುದಿಲ್ಲ. ಹದಿನೈದು ಹದಿನಾರರ ವಯಸ್ಸು, ತನ್ನ ಮುಖದ ಬಗ್ಗೆ ಹುಡುಗ ಹುಡುಗಿಯರಿಗೆ ಮೊದಲೇ ನೂರು ಸಂಕಟ. "ನೀನು ಇದ್ದ ಹಾಗೆ ಚೆನ್ನಾಗಿಲ್ಲ" ಎಂದು ನಾವು ಅಚ್ಚು ಹಾಕಿ ಕೊಡುವುದು ಅನ್ಯಾಯ. ಪರೀಕ್ಷೆಯ ಕೋಣೆಯಲ್ಲಿ ಮೇಲ್ವಿಚಾರಕರು ಹಾಲ್ ಟಿಕೆಟ್ ಹಿಡಿದು ಮುಖ ನೋಡುವಾಗಲೂ ತೊಂದರೆ ಅನುಭವಿಸುವುದು ಆ ಮಗುವೇ. ವಾರದಲ್ಲಿ ಮಾಯುವ ಮೊಡವೆ ತೆಗೆಯಬಹುದು. ಮಚ್ಚೆ, ಗಾಯದ ಕಲೆ, ಹುಬ್ಬಿನ ಆಕಾರ, ದವಡೆಯ ಅಗಲ ಮುಟ್ಟಬಾರದು. ಹಲವು ಮೊಬೈಲುಗಳಲ್ಲಿ ಬ್ಯೂಟಿ ಮೋಡ್ ತಾನಾಗಿಯೇ ಚಾಲೂ ಇರುತ್ತದೆ. ಮೊದಲು ಅದನ್ನು ಬಂದ್ ಮಾಡಿ.

ಮಗು ಸ್ಟೂಲಿನ ಮೇಲೆ ಕೂತ ಮೇಲಿನ 5 ನಿಮಿಷ ಹೀಗೆ ಹೋಗುತ್ತದೆ. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಹಣೆಗಿಳಿದಿರುತ್ತದೆ, ಫ್ಲ್ಯಾಶಿಗೆ ಅದು ಬಿಳಿ ಪಟ್ಟೆಯಾಗಿ ಹೊಳೆಯುತ್ತದೆ. ಒಣ ಕರವಸ್ತ್ರದಿಂದ ಒರೆಸಿದರೆ ಸಾಕು, ಮೇಲೆ ಪೌಡರ್ ಬಡಿದರೆ ಬೂದಿ ಬಳಿದಂತೆ ಕಾಣುತ್ತದೆ. ಕಿವಿ ಮುಚ್ಚಿದ ಕೂದಲು ಹಿಂದಕ್ಕೆ, ಕಾಲರಿನ ಎರಡೂ ತುದಿ ಸಮ. ಕನ್ನಡಕದಲ್ಲಿ ಬೆಳಕು ಹೊಳೆದರೆ ಕಿವಿಯ ಮೇಲೆ ಕೂಡುವ ಕಡ್ಡಿಯನ್ನು ಕಾಲು ಇಂಚು ಮೇಲೆತ್ತಬೇಕು. ಗಾಜು ಕೆಳಕ್ಕೆ ವಾಲಿ ಹೊಳಪು ಹೋಗುತ್ತದೆ, ಫೋಟೊದಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ. ಕನ್ನಡಕ ಇಟ್ಟು ಒಂದು, ತೆಗೆದು ಒಂದು ಫೋಟೊ ಇರಲಿ, ಒಂದೊಂದು ಅರ್ಜಿ ಒಂದೊಂದು ಕೇಳುತ್ತದೆ. ಬಿಗಿದು ಕೂತ ಹುಡುಗನಿಗೆ "ನಗು" ಎಂದರೆ ಇನ್ನೂ ಬಿಗಿಯುತ್ತಾನೆ. "ಜೋರಾಗಿ ಉಸಿರು ಬಿಡು ತಮ್ಮಾ" ಎಂದರೆ ಭುಜ ತಾನಾಗಿ ಇಳಿಯುತ್ತದೆ, ಕ್ಲಿಕ್ ಮಾಡುವುದು ಆಗ. ಅರ್ಜಿಯ ಫೋಟೊ ಮುಗಿದ ಮೇಲೆ ಕೊನೆಗೊಂದು ಫೋಟೊ ಮನೆಗಾಗಿ, ಮಗುವಿಗೆ ಇಷ್ಟವಾದಂತೆ ಕೂತು, ಹಲ್ಲು ಬಿಟ್ಟು ನಕ್ಕರೂ ಸರಿ. ಆ ವಯಸ್ಸಿನ ಒಂದೇ ಒಂದು ಒಳ್ಳೆಯ ಫೋಟೊ ಇಲ್ಲದ ಮನೆಗಳು ನಮ್ಮ ಹಳ್ಳಿಗಳಲ್ಲಿವೆ.

ಫೈಲಿನ ಲೆಕ್ಕ ಚಿಕ್ಕದು. 35×45 ಮಿಮೀ ಫೋಟೊ 300 ಡಿಪಿಐಗೆ (ಇಂಚಿಗೆ 300 ಚುಕ್ಕೆ) 413×531 ಪಿಕ್ಸೆಲ್. 4×6 ಇಂಚಿನ ಹಾಳೆಯಲ್ಲಿ 8 ಕಾಪಿ ಕೂಡುತ್ತವೆ. 2024ರ ನೀಟ್ ಅರ್ಜಿಗೆ ಬಿಳಿ ಹಿನ್ನೆಲೆ, ಶೇ 80ರಷ್ಟು ಮುಖ, ಕಿವಿ ಕಾಣುವಂತೆ ಇರಬೇಕಿತ್ತು, ಫೈಲು 10ರಿಂದ 200 ಕೆಬಿ. ಪ್ರತಿ ಸಲ ಮೂಲ ಫೈಲಿನಿಂದಲೇ ಚಿಕ್ಕದು ಮಾಡಬೇಕು, ಚಿಕ್ಕದನ್ನೇ ಮತ್ತೆ ಮತ್ತೆ ಸೇವ್ ಮಾಡಿದರೆ ಮುಖ ಒಡೆಯುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಫೋಟೊ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿ.

ಮೂಲ ಫೈಲು ಕೊಡುವುದಿಲ್ಲ, ಕಾಪಿ ಬೇಕಾದಾಗ ನಮ್ಮಲ್ಲೇ ಬನ್ನಿ ಎನ್ನುವ ನಮ್ಮ ವೃತ್ತಿಬಾಂಧವರಿಗೂ ಒಂದು ಮಾತು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದ ಫೋಟೊದ ಮೊದಲ ಹಕ್ಕು ತೆಗೆಸಿದವರದೇ. ಹುಡುಗಿಯರ ಫೋಟೊಗಳನ್ನು ಕೇಳದೆ ಅಂಗಡಿಯ ಗಾಜಿನಲ್ಲಿ, ಸ್ಟೇಟಸ್‌ನಲ್ಲಿ ಹಾಕುವುದನ್ನೂ ನಿಲ್ಲಿಸೋಣ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನು ಮಕ್ಕಳೆಂದೇ ಪರಿಗಣಿಸಿ, ಅವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಕೇಳುತ್ತದೆ. ಕಾಯ್ದೆ ಇಲ್ಲದಿದ್ದರೂ ಕೇಳುವುದು ಮರ್ಯಾದೆ.

ಕೊನೆಯದು ತರಗತಿಯ ಗ್ರೂಪ್ ಫೋಟೊ. ಮುಂಜಾನೆ 8ರಿಂದ 9ರೊಳಗೆ, ಕಟ್ಟಡದ ಗಟ್ಟಿ ನೆರಳಿನಲ್ಲಿ ತೆಗೆಯಬೇಕು. ಬೇವಿನ ಮರದ ಕೆಳಗೆ ಬೇಡ, ಎಲೆಗಳ ಸಂದಿಯಿಂದ ಇಳಿದ ಬಿಸಿಲು ಮುಖಗಳ ಮೇಲೆ ಚುಕ್ಕೆ ಚುಕ್ಕೆಯಾಗಿ ಬೀಳುತ್ತದೆ. 60 ಮಕ್ಕಳಾದರೆ 15ರಂತೆ ನಾಲ್ಕು ಸಾಲು, ನಡುವೆ ಕುರ್ಚಿಯಲ್ಲಿ ಶಿಕ್ಷಕರು. ಶಾಲೆಯ ಮೆಟ್ಟಿಲಿದ್ದರೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ. ಬೆಂಚಿನ ಮೇಲೆ ಟೇಬಲ್ ಪೇರಿಸಿ ಮಕ್ಕಳನ್ನು ಹತ್ತಿಸಬಾರದು. ಕ್ರಾಪ್ ಸೆನ್ಸರ್ ಕ್ಯಾಮೆರಾಕ್ಕೆ 35 ಮಿಮೀ ಲೆನ್ಸು ಹಾಕಿ 30 ಅಡಿ ಹಿಂದೆ ನಿಲ್ಲಬೇಕು. ಜಾಗವಿಲ್ಲವೆಂದು 18 ಮಿಮೀಗೆ ಇಳಿದರೆ ಅಂಚಿನ ಮಕ್ಕಳ ಮುಖ ಅಡ್ಡಕ್ಕೆ ಜಗ್ಗಿದಂತಾಗುತ್ತದೆ. ಎಫ್ 8, ಫೋಕಸ್ ಎರಡನೇ ಸಾಲಿನ ಮೇಲೆ. ಎಲ್ಲರೂ ಕಣ್ಣು ಮುಚ್ಚಿ, ಮೂರು ಎಂದಾಗ ತೆರೆಯಿರಿ ಎಂದು ಹೇಳಿ 10 ಫ್ರೇಮು ತೆಗೆದರೆ ಕಣ್ಣು ಮುಚ್ಚಿದವರು ಕಡಿಮೆ. ಹಾಗೆ ಮುಚ್ಚಿದವರ ಮುಖವನ್ನು ಬೇರೆ ಫ್ರೇಮಿನಿಂದ ತಂದು ಕೂಡಿಸಬಹುದು.

ಹೆಚ್ಚು ತಪ್ಪಾಗುವುದು ಕೆಳಗೆ ಅಚ್ಚಾಗುವ ಹೆಸರುಗಳಲ್ಲಿ. ಮುದ್ರಣ ಕಾಶಿ ಎನ್ನಿಸಿಕೊಂಡ ನಮ್ಮ ಗದಗದಲ್ಲಿ ಇದು ಆಗಬಾರದು. ಸಾಲು ಚದುರುವ ಮೊದಲೇ ಎಡದಿಂದ ಬಲಕ್ಕೆ ಹೆಸರು ಬರೆದುಕೊಳ್ಳಬೇಕು. ಶಾಲೆಯವರು ಹಳೆಯ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿ ಕೊಟ್ಟಿದ್ದನ್ನು ಯುನಿಕೋಡ್ ಅಕ್ಷರದಲ್ಲಿ ತೆರೆದರೆ ಬರೀ ಚಿಹ್ನೆಗಳು ಕಾಣುತ್ತವೆ, ಮೊದಲು ಪರಿವರ್ತಿಸಬೇಕು. ಫೋಟೊಶಾಪ್‌ನಲ್ಲಿ ಭಾರತೀಯ ಲಿಪಿಗಳ ಟೈಪ್ ಆಯ್ಕೆ ಹಾಕದಿದ್ದರೆ ಒತ್ತಕ್ಷರ ಕಳಚಿ ಮಲ್ಲವ್ವ 'ಮಲ್‌ಲವ್‌ವ' ಆಗುತ್ತಾಳೆ. ಲ್ಯಾಮಿನೇಷನ್‌ಗೆ ಹಾಕುವ ಮುನ್ನ ಒಂದು ಪ್ರೂಫ್ ತೆಗೆದು ತರಗತಿಯ ಗೋಡೆಗೆ ಎರಡು ದಿನ ಅಂಟಿಸಿ. ತಮ್ಮ ಹೆಸರಿನ ತಪ್ಪನ್ನು ಮಕ್ಕಳೇ ಹುಡುಕಿ ಪೆನ್ನಿನಿಂದ ತಿದ್ದುತ್ತಾರೆ.

– ಕೆಲವು ಸ್ಟುಡಿಯೊ ಛಾಯಾಗ್ರಾಹಕರು, ಗದಗ-ಬೆಟಗೇರಿ