ಸೆಕೆಂಡ್ ಹ್ಯಾಂಡ್ ಟೈರ್ ಇನ್ನು ನಮ್ಮಲ್ಲಿಲ್ಲ: ಗ್ರಾಹಕರಿಗೆ ಕುಮಟಾದಿಂದ ಒಂದು ಪತ್ರ

ಗ್ರಾಹಕ ಬಂಧುಗಳೇ, ನಮಸ್ಕಾರ.

ಬರುವ ಮೇ 1ರಿಂದ ನಮ್ಮ ಅಂಗಡಿಯಲ್ಲಿ ಕಾರಿನ ಸೆಕೆಂಡ್ ಹ್ಯಾಂಡ್ ಟೈರ್ ಸಿಗುವುದಿಲ್ಲ. ನೀವೇ ಬೇರೆ ಕಡೆಯಿಂದ ತಂದುಕೊಟ್ಟರೂ ಹಾಕಿಕೊಡುವುದಿಲ್ಲ. ಹೊಸ ಟೈರ್, ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಎಲ್ಲ ಎಂದಿನಂತೆ ಇದೆ. ಪಂಕ್ಚರ್ ಹಾಕುವ ರೀತಿ ಸ್ವಲ್ಪ ಬದಲಾಗುತ್ತದೆ, ಅದನ್ನು ಮುಂದೆ ಹೇಳುತ್ತೇವೆ.

ಸುದ್ದಿ ಕೇಳಿದ ಕೆಲವರಿಗೆ ಈಗಾಗಲೇ ಬೇಜಾರಾಗಿದೆ. "ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ ಓಡೋ ಗಾಡಿ. ಅದಕ್ಕೆ ಹೊಸ ಟೈರ್ ಯಾಕೆ ಮಾರಾಯ್ರೇ?" ಅಂತ ಕೇಳುತ್ತಾರೆ. ಕೇಳುವುದು ತಪ್ಪಲ್ಲ. ಆದರೆ ಜ್ಯಾಕ್ ಹಾಕಿದ ಗಾಡಿಯ ಪಕ್ಕ ನಿಂತು ಪ್ರತಿಯೊಬ್ಬರಿಗೂ ಕಾರಣ ಹೇಳಲು ಪುರುಸೊತ್ತು ಸಿಗುವುದಿಲ್ಲ. ಹಾಗಾಗಿ ಈ ಪತ್ರ.

ಮೊದಲೆಲ್ಲ ನಮ್ಮಲ್ಲಿದ್ದ ಹಳೆ ಟೈರ್‌ಗಳು ಹೆಚ್ಚಾಗಿ ನಮ್ಮ ಗಿರಾಕಿಗಳದ್ದೇ. ಹೊಸ ಕಾರು ತೆಗೆದುಕೊಂಡು, ಕಂಪನಿ ಟೈರ್ ಬಿಚ್ಚಿಸಿ ಅಗಲದ್ದು ಹಾಕಿಸಿಕೊಂಡವರು ಬಿಟ್ಟುಹೋದದ್ದು. ಯಾರ ಗಾಡಿ, ಎಷ್ಟು ಓಡಿದೆ ಅಂತ ಗೊತ್ತಿರುತ್ತಿತ್ತು. ಈಗ ಅಂಥ ಮಾಲು ಅಪರೂಪ. ಬರುವುದೆಲ್ಲ ದೊಡ್ಡ ಊರುಗಳಿಂದ, ಲಾಟ್ ಲೆಕ್ಕದಲ್ಲಿ. ಅದರಲ್ಲಿ ಕಟಿಂಗ್ ಟೈರ್ ಜಾಸ್ತಿ.

ಕಟಿಂಗ್ ಅಂದರೆ ಬಟನ್ (ರಸ್ತೆಗೆ ತಾಗುವ ರಬ್ಬರ್‌ನ ಉಬ್ಬು ಭಾಗ) ಸವೆದು ಬೋಳಾದ ಟೈರ್‌ಗೆ ಬಿಸಿ ಬ್ಲೇಡಿನಿಂದ ಮತ್ತೆ ಗೀರು ಕೊರೆಯುವುದು. ಮೇಲೆ ಕಪ್ಪು ಪಾಲಿಶ್ ಬಳಿದರೆ ಥಳಥಳ ಅನ್ನುತ್ತದೆ. ಲಾರಿ, ಬಸ್ಸಿನ ಕೆಲವು ಟೈರ್‌ಗಳಿಗೆ ಕಂಪನಿಯವರೇ ಹೀಗೆ ಕೊರೆಯಲು ಆಗುವಷ್ಟು ದಪ್ಪ ರಬ್ಬರ್ ಇಟ್ಟಿರುತ್ತಾರೆ, 'ರಿಗ್ರೂವಬಲ್' ಅಂತ ಟೈರ್ ಮೇಲೆಯೇ ಅಚ್ಚಾಗಿರುತ್ತದೆ. ಕಾರಿನ ಟೈರ್‌ನಲ್ಲಿ ಅಷ್ಟು ರಬ್ಬರ್ ಇರುವುದಿಲ್ಲ. ಗೀರಿನ ತಳದಲ್ಲಿ ತೆಳು ಪದರ, ಅದರ ಕೆಳಗೆ ಉಕ್ಕಿನ ತಂತಿಯ ಪಟ್ಟಿ. ಬ್ಲೇಡು ಸ್ವಲ್ಪ ಆಳಕ್ಕೆ ಹೋದರೂ ತಂತಿಗೆ ತಾಗುತ್ತದೆ. ಮಳೆನೀರು ಅಲ್ಲಿಂದ ಒಳಗಿಳಿದು ತಂತಿಗೆ ತುಕ್ಕು ಹಿಡಿಯುತ್ತದೆ, ರಬ್ಬರ್‌ಗೂ ತಂತಿಗೂ ಇರುವ ಅಂಟು ಬಿಡುತ್ತದೆ. ಪೇಟೆಯೊಳಗೆ ನಿಧಾನ ಓಡಿಸುವಾಗ ಏನೂ ಗೊತ್ತಾಗುವುದಿಲ್ಲ. ಮದುವೆಗೋ ಆಸ್ಪತ್ರೆಗೋ ಅಂತ ಐದು ಜನ ಕೂತು ಹೈವೇಯಲ್ಲಿ ಹೋಗುವಾಗ ಮೇಲಿನ ರಬ್ಬರ್ ಪಟ್ಟಿಯೇ ಕಿತ್ತುಬರುತ್ತದೆ.

ಬೇರೆಲ್ಲಾದರೂ ಹಳೆ ಟೈರ್ ನೋಡುವವರಿಗೆ ಒಂದು ಮಾತು. ಯಾವುದೇ ಕಾರ್ ಟೈರ್‌ನ ಗೀರಿನೊಳಗೆ ಅಲ್ಲಲ್ಲಿ ಅಡ್ಡಕ್ಕೆ ಸಣ್ಣ ದಿಬ್ಬ ಇರುತ್ತದೆ. ಅದು ಎಲ್ಲಿದೆ ಅಂತ ತೋರಿಸಲು ಟೈರ್‌ನ ಭುಜದ ಮೇಲೆ ಚಿಕ್ಕ ತ್ರಿಕೋನ ಅಥವಾ 'ಟಿಡಬ್ಲ್ಯುಐ' (ಸವೆತ ತೋರಿಸುವ ಗುರುತು) ಅಕ್ಷರ ಇರುತ್ತದೆ. ಕಟಿಂಗ್ ಮಾಡುವಾಗ ಬ್ಲೇಡು ಆ ದಿಬ್ಬವನ್ನೂ ಕೆತ್ತಿಹಾಕುತ್ತದೆ. ತ್ರಿಕೋನ ಇದ್ದು, ಅದರ ನೇರಕ್ಕೆ ದಿಬ್ಬ ಇಲ್ಲದಿದ್ದರೆ ಅದು ಕಟಿಂಗ್ ಟೈರ್. ಗೀರಿಗೆ ಬೆರಳು ಹಾಕಿ ಎಳೆಯಿರಿ. ತಳ ಒಂದೇ ಸಮ ಇರುವುದಿಲ್ಲ, ಅಲೆಅಲೆಯಾಗಿ ಸಿಗುತ್ತದೆ, ಬೆರಳೂ ಕಪ್ಪಾಗುತ್ತದೆ. ಇಷ್ಟು ಸಾಕು, ಅಲ್ಲಿಂದ ಎದ್ದು ಬನ್ನಿ.

ಕಟಿಂಗ್ ಅಲ್ಲದ ಹಳೆ ಟೈರ್ ಕೊಡಬಹುದಲ್ಲ ಅನ್ನಬಹುದು. ಅದರಲ್ಲೂ ಒಂದು ತೊಡಕಿದೆ. ಗಾಳಿ ಇಳಿದ ಟೈರ್ ಮೇಲೆ ಯಾರೋ ಎರಡು ಮೂರು ಕಿಲೋಮೀಟರ್ ಓಡಿಸಿರುತ್ತಾರೆ. ರಿಮ್‌ಗೂ ರಸ್ತೆಗೂ ಮಧ್ಯೆ ಸಿಕ್ಕಿ ಟೈರ್‌ನ ಪಕ್ಕದ ಗೋಡೆ ಅರೆದುಹೋಗಿರುತ್ತದೆ. ಬಿಚ್ಚಿ ನೋಡಿದರೆ ಒಳಗೆ ರಬ್ಬರ್ ಪುಡಿ, ಸುತ್ತಲೂ ಬಳೆಯ ಹಾಗೆ ಕಪ್ಪು ಗೆರೆ. ಮಾರುವವರು ಪುಡಿ ಒರೆಸಿಬಿಟ್ಟರೆ ಅದೂ ಇಲ್ಲ. ಒಳಗಿನ ನೂಲು ಹರಿದಿದೆಯೋ ಇಲ್ಲವೋ ಅಂತ ಹೇಳುವ ಯಂತ್ರ ನಮ್ಮಂಥ ಅಂಗಡಿಯಲ್ಲಿ ಇರುವುದಿಲ್ಲ. ನಾವೇ ಗ್ಯಾರಂಟಿ ಕೊಡಲಾಗದ ವಸ್ತುವನ್ನು ನಿಮ್ಮ ಗಾಡಿಗೆ ಹಾಕಿ ಕಳಿಸುವುದು ಹೇಗೆ?

ಇನ್ನು ಕಾನೂನು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 94ನೇ ನಿಯಮ ಟೈರ್‌ನದ್ದು. ಕಾರಿಗೆ ಬಟನ್ ಆಳ ಕನಿಷ್ಠ 1.6 ಮಿಲಿಮೀಟರ್ ಇರಬೇಕು. ಬೈಕು, ಸ್ಕೂಟರ್, ರಿಕ್ಷಾಕ್ಕೆ 0.8. ಮೇಲೆ ಹೇಳಿದ ಗೀರಿನೊಳಗಿನ ದಿಬ್ಬ ಕಾರಿನಲ್ಲಿ ಇರುವುದು ಸರಿಯಾಗಿ ಆ 1.6ರ ಎತ್ತರಕ್ಕೆ. ಬಟನ್ ಸವೆದು ದಿಬ್ಬದ ಸಮಕ್ಕೆ ಬಂತೆಂದರೆ ಆ ಟೈರ್ ರಸ್ತೆಗೆ ಇಳಿಯುವ ಹಾಗಿಲ್ಲ. ಅಳತೆ ಗೇಜ್ ಇಲ್ಲದಿದ್ದರೂ ಯಾರು ಬೇಕಾದರೂ ನೋಡಿಕೊಳ್ಳಬಹುದು.

ಆದರೆ 1.6 ಅನ್ನುವುದು ಕಾನೂನಿನ ಗಡಿ. ನಮ್ಮ ಜಿಲ್ಲೆಯ ಮಳೆಗೆ ಅದು ಸಾಲದು. ಹೊಸ ಕಾರ್ ಟೈರ್‌ನಲ್ಲಿ ಸಾಮಾನ್ಯವಾಗಿ 7, 8 ಮಿಲಿಮೀಟರ್ ಆಳ ಇರುತ್ತದೆ. 3ಕ್ಕೆ ಬಂದಾಗಲೇ ನೀರು ಹೊರಹಾಕುವ ಶಕ್ತಿ ಬಹಳ ಕಡಿಮೆಯಾಗಿರುತ್ತದೆ. ಗೀರು ಇರುವುದೇ ನೀರಿಗೆ ದಾರಿ ಮಾಡಿಕೊಡಲು. ದಾರಿ ಸಾಲದಿದ್ದರೆ ನೀರು ಟೈರ್ ಅಡಿಯಲ್ಲೇ ನಿಲ್ಲುತ್ತದೆ, ಗಾಡಿ ನೀರಿನ ಮೇಲೆ ತೇಲುತ್ತದೆ. ಆಗ ಸ್ಟೇರಿಂಗ್ ಹಗುರ ಅನ್ನಿಸುತ್ತದೆ, ಬ್ರೇಕ್ ಒತ್ತಿದರೆ ಕೇಳುವುದಿಲ್ಲ. ಅಂಕೋಲಾ ಕಡೆಗೋ ಹೊನ್ನಾವರ ಕಡೆಗೋ ನಾಲ್ಕು ಪಥದ ಹೈವೇಯಲ್ಲಿ ಆಷಾಢದ ಮಳೆಯಲ್ಲಿ ಓಡಿಸಿದವರಿಗೆ ಇದು ಗೊತ್ತು. ಹಾಗಾಗಿ 3ಕ್ಕೆ ಇಳಿದ ಟೈರ್ ಇದ್ದರೆ ಮಳೆಗಾಲಕ್ಕೆ ಮುಂಚೆ ಬದಲಿಸಿ ಅನ್ನುತ್ತೇವೆ. ವ್ಯಾಪಾರಕ್ಕೆ ಹೇಳುತ್ತಾರೆ ಅಂದುಕೊಂಡರೆ, ಅಳತೆ ಬೇರೆ ಅಂಗಡಿಯಲ್ಲಿ ಮಾಡಿಸಿಕೊಳ್ಳಿ, ನಮಗೇನೂ ಬೇಸರ ಇಲ್ಲ.

ಅಂಗಡಿಯಲ್ಲಿ ದಿನಾ ಒಂದು ವಾದ ನಡೆಯುತ್ತದೆ. ಎರಡೇ ಟೈರ್ ಹೊಸದು ಹಾಕಿಸುವವರು "ಮುಂದೆ ಹಾಕಿ" ಅನ್ನುತ್ತಾರೆ. ಎಳೆಯುವುದು ಮುಂದಿನ ಚಕ್ರ, ತಿರುಗಿಸುವುದೂ ಮುಂದಿನದೇ, ಹೊಸದು ಅಲ್ಲೇ ಬೇಕಲ್ವಾ ಅಂತ. ನಾವು ಹಿಂದಕ್ಕೆ ಹಾಕುತ್ತೇವೆ. ಮುಂದಿನ ಚಕ್ರ ಜಾರಿದರೆ ಗಾಡಿ ತಿರುವಿನಲ್ಲಿ ಹೊರಗೆ ಎಳೆಯುತ್ತದೆ, ಅದು ಕೈಗೆ ಗೊತ್ತಾಗುತ್ತದೆ, ಕಾಲು ಎತ್ತಿದರೆ ಹೆಚ್ಚಿನ ಸಲ ಹತೋಟಿಗೆ ಬರುತ್ತದೆ. ಹಿಂದಿನದು ಜಾರಿದರೆ ಗಾಡಿಯೇ ಗಿರ್ರನೆ ತಿರುಗುತ್ತದೆ. ಶಿರಸಿ ದಾರಿಯ ದೇವಿಮನೆ ಘಟ್ಟ ಇಳಿಯುವಾಗ ಹೇಗೂ ಭಾರ ಮುಂದಕ್ಕೆ ಬಂದು ಹಿಂಭಾಗ ಹಗುರ ಆಗಿರುತ್ತದೆ. ಮೇಲೆ ಮಂಜು, ರಸ್ತೆ ತುಂಬ ಕೆಂಪು ಮಣ್ಣಿನ ನೀರು. ಅಲ್ಲಿ ಹಿಂದಿನ ಚಕ್ರ ಬಿಟ್ಟರೆ ಸಾಮಾನ್ಯ ಡ್ರೈವರ್ ಕೈಯಲ್ಲಿ ಏನೂ ಇರುವುದಿಲ್ಲ. ಶಿರಸಿಗೆ ದಿನಾ ಓಡಾಡುವವರು ಇದನ್ನು ಬೇಗ ಒಪ್ಪುತ್ತಾರೆ. ಬಯಲಿನಲ್ಲೇ ಓಡಿಸುವವರ ಜೊತೆ ಮಾತು ಜಾಸ್ತಿ ಬೇಕು.

ಒಂದೇ ಆಕ್ಸಲ್‌ನ (ಮುಂದಿನ ಜೋಡಿ ಅಥವಾ ಹಿಂದಿನ ಜೋಡಿ) ಎರಡೂ ಟೈರ್ ಒಂದೇ ಕಂಪನಿ, ಒಂದೇ ಮಾದರಿ, ಒಂದೇ ಅಳತೆ ಇರಲಿ. ಇದಕ್ಕೆ ಬೇರೆ ವಿವರಣೆ ಬೇಡ.

ಬಟನ್ ಚೆನ್ನಾಗಿದ್ದೂ ಟೈರ್ ಕೆಟ್ಟಿರುವ ಗಾಡಿಗಳು ನಮ್ಮ ಕಡೆ ಬಹಳ. ಮಕ್ಕಳು ಬೆಂಗಳೂರಲ್ಲೋ ಮುಂಬೈಯಲ್ಲೋ ಇರುತ್ತಾರೆ, ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ. ಕಾರು ವಾರಕ್ಕೊಮ್ಮೆ ದೇವಸ್ಥಾನಕ್ಕೋ ಬ್ಯಾಂಕಿಗೋ ಹೊರಡುತ್ತದೆ, ಉಳಿದ ದಿನ ಶೆಡ್ಡಿನಲ್ಲಿ. ಏಳೆಂಟು ವರ್ಷ ಆದರೂ ಬಟನ್ ಹೊಸದರ ಹಾಗೇ ಇರುತ್ತದೆ. ಆದರೆ ರಬ್ಬರ್‌ಗೂ ವಯಸ್ಸಾಗುತ್ತದೆ. ಪಕ್ಕದ ಗೋಡೆ ಬಗ್ಗಿ ನೋಡಿದರೆ ಸಣ್ಣ ಸಣ್ಣ ಬಿರುಕು ಕಾಣುತ್ತದೆ. ಟೈರ್ ಹುಟ್ಟಿದ್ದು ಯಾವಾಗ ಅಂತ ತಿಳಿಯಲು 'ಡಿಒಟಿ' ಅಕ್ಷರದಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2419 ಅಂದರೆ 2019ನೇ ಇಸವಿಯ 24ನೇ ವಾರ. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ಬಿಚ್ಚಿಸಿ ತೋರಿಸಿ. ಹತ್ತು ವರ್ಷ ಆಗಿದ್ದರೆ ತೋರಿಸುವುದೇ ಬೇಡ, ಬದಲಿಸಿ. ಸ್ಟೆಪ್ನಿಗೂ ಇದೇ ಲೆಕ್ಕ. ಅಂಕಿ ಗಾಡಿಯ ಒಳಬದಿಗೆ ತಿರುಗಿದ್ದರೆ ಬಗ್ಗಿ ಕಷ್ಟಪಡಬೇಡಿ, ಇಲ್ಲಿ ಬಂದಾಗ ನಾವು ನೋಡಿ ಹೇಳುತ್ತೇವೆ.

ಹೊಸ ಟೈರ್ ಆರಿಸುವಾಗ ಕಂಪನಿ ಹೆಸರಿಗಿಂತ ಮೊದಲು ಪಕ್ಕದ ಬರಹ ಓದಿ. ಉದಾಹರಣೆಗೆ 185/65 ಆರ್ 15 88 ಎಚ್. 185 ಮಿಲಿಮೀಟರ್ ಅಗಲ, 65 ಅಂದರೆ ಅಗಲದ ನೂರಕ್ಕೆ 65ರಷ್ಟು ಗೋಡೆಯ ಎತ್ತರ, 15 ಇಂಚಿನ ರಿಮ್. ಯಾರೂ ನೋಡದ್ದು ಕೊನೆಯದು. 88 ಅಂದರೆ ಒಂದು ಟೈರ್ ಹೊರಬಹುದಾದ ಭಾರ 560 ಕೆಜಿ. 'ಎಚ್' ಅಂದರೆ ಗಂಟೆಗೆ 210 ಕಿಲೋಮೀಟರ್ ವೇಗದವರೆಗೆ. ಅಷ್ಟು ವೇಗ ನಮಗೆ ಬೇಡ, ಆದರೆ ಭಾರದ ಅಂಕಿ ಬೇಕು. ಡಿಕ್ಕಿಯಲ್ಲಿ ಅಡಿಕೆ ಚೀಲ, ಸೀಟಿನಲ್ಲಿ ಇಡೀ ಮನೆ ಮಂದಿ ಅನ್ನುವುದು ಇಲ್ಲಿ ಮಾಮೂಲು. ಕಂಪನಿ ಹೇಳಿದ್ದಕ್ಕಿಂತ ಈ ಅಂಕಿ ಕಡಿಮೆ ಇರುವ ಟೈರ್ ಅಗ್ಗಕ್ಕೆ ಸಿಕ್ಕಿದರೂ ಬೇಡ. ಐಎಸ್‌ಐ ಗುರುತು ಇರಲೇಬೇಕು. 2022ರ ಅಕ್ಟೋಬರ್‌ನಿಂದ ಹೊಸ ವಿನ್ಯಾಸದ ಟೈರ್‌ಗಳಿಗೆ ಒದ್ದೆ ರಸ್ತೆಯ ಹಿಡಿತದ ಪರೀಕ್ಷೆಯೂ ಕಡ್ಡಾಯವಾಗಿದೆ. ಮಳೆ ನಾಡಿನವರಿಗೆ ಇದಕ್ಕಿಂತ ಬೇಕಾದ ಪರೀಕ್ಷೆ ಇನ್ನೊಂದಿಲ್ಲ.

ದುಡ್ಡಿನ ಮಾತು. 2025ರ ಸೆಪ್ಟೆಂಬರ್ 22ರಿಂದ ಕಾರ್ ಟೈರ್ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ತೆರಿಗೆ ಬಿಟ್ಟು 5,000 ರೂಪಾಯಿ ಇರುವ ಟೈರ್‌ಗೆ ಮೊದಲು 6,400 ಆಗುತ್ತಿತ್ತು, ಈಗ 5,900. ನಾಲ್ಕಕ್ಕೆ 2,000 ಉಳಿಯಿತು. ಹಳೆ ಟೈರ್‌ಗೂ ಹೊಸದಕ್ಕೂ ಇದ್ದ ಅಂತರ ಅಷ್ಟು ಕಡಿಮೆ ಆಯಿತು. ನಾಲ್ಕೂ ಒಟ್ಟಿಗೆ ಆಗದಿದ್ದರೆ ಈಗ ಎರಡು, ದೀಪಾವಳಿ ಹೊತ್ತಿಗೆ ಎರಡು ಹಾಕಿಸಿ. ಪರಿಚಯದವರಿಗೆ ಎರಡು ಕಂತಿನಲ್ಲಿ ಕೊಡುತ್ತೇವೆ, ಬಡ್ಡಿ ಇಲ್ಲ.

ಈಗ ಪಂಕ್ಚರ್. ಟ್ಯೂಬ್‌ಲೆಸ್ ಟೈರ್‌ಗೆ ಹೊರಗಿನಿಂದ ಸೂಜಿಯಲ್ಲಿ ರಬ್ಬರ್ ಬತ್ತಿ ತುರುಕಿ ಐದು ನಿಮಿಷದಲ್ಲಿ ಕಳಿಸುವುದನ್ನು ಇನ್ನು ತುರ್ತಿಗೆ ಮಾತ್ರ ಮಾಡುತ್ತೇವೆ. ಇನ್ನು ಮೇಲೆ ಟೈರ್ ಬಿಚ್ಚಿ, ಒಳಗೆ ನೋಡಿ, ಒಳಗಿನಿಂದ ಮಶ್ರೂಮ್ ಪ್ಯಾಚ್ (ಅಣಬೆ ಆಕಾರದ ರಬ್ಬರ್ ತುಂಡು) ಹಾಕುತ್ತೇವೆ. ಅರ್ಧ ಗಂಟೆ ಹಿಡಿಯುತ್ತದೆ, ಖರ್ಚೂ ಬತ್ತಿಗಿಂತ ಜಾಸ್ತಿ. ಮೊಳೆ ಬಟನ್ ಭಾಗದಲ್ಲಿ ಚುಚ್ಚಿದ್ದು, ತೂತು 6 ಮಿಲಿಮೀಟರ್ ಒಳಗಿದ್ದರೆ ಮಾತ್ರ ರಿಪೇರಿ. ಪಕ್ಕದ ಗೋಡೆ ತೂತಾಗಿದ್ದರೆ, ಗುಳ್ಳೆಯ ಹಾಗೆ ಉಬ್ಬಿದ್ದರೆ ಎಷ್ಟು ಹೇಳಿದರೂ ರಿಪೇರಿ ಮಾಡುವುದಿಲ್ಲ. ಪಂಕ್ಚರ್ ಇಲ್ಲದೆಯೇ ವಾರಕ್ಕೊಮ್ಮೆ ಗಾಳಿ ಇಳಿಯುವ ಗಾಡಿಗಳೂ ಬರುತ್ತವೆ, ಗೋಕರ್ಣ ಕಡೆಯವು ಜಾಸ್ತಿ. ಉಪ್ಪು ಗಾಳಿಗೆ ರಿಮ್‌ನ ಅಂಚು ತುಕ್ಕು ಹಿಡಿದು, ಟೈರ್ ಕೂರುವ ಜಾಗದಲ್ಲಿ ಗಾಳಿ ನುಸುಳುತ್ತದೆ. ತಂತಿ ಬ್ರಷ್‌ನಲ್ಲಿ ಉಜ್ಜಿ ಸೀಲರ್ ಹಚ್ಚಿದರೆ ಹೆಚ್ಚಿನವು ಸರಿಯಾಗುತ್ತವೆ, ಹೊಸ ಟೈರ್ ಬೇಡ.

ಗಾಳಿ ಎಷ್ಟು ಅಂತ ನಮ್ಮನ್ನು ಕೇಳುವ ಮೊದಲು ಡ್ರೈವರ್ ಬಾಗಿಲು ತೆಗೆದರೆ ಕಾಣುವ ಸ್ಟಿಕ್ಕರ್ ನೋಡಿ. ಅಲ್ಲಿರುವುದು ತಣ್ಣಗಿರುವ ಟೈರ್‌ನ ಲೆಕ್ಕ. ಶಿರಸಿಯಿಂದ ಘಟ್ಟ ಇಳಿದು ಬಂದ ಗಾಡಿಯಲ್ಲಿ ಮೂರು ನಾಲ್ಕು ಪಾಯಿಂಟ್ ಜಾಸ್ತಿ ತೋರಿಸುತ್ತದೆ, ಅದನ್ನು ಬಿಡಿಸಬೇಡಿ. ಬೇಸಿಗೆಯಲ್ಲಿ ಟೈರ್ ಒಡೆಯುತ್ತದೆ ಅಂತ ಗಾಳಿ ಕಮ್ಮಿ ಇಡುವವರಿದ್ದಾರೆ. ಆಗುವುದು ಉಲ್ಟಾ. ಗಾಳಿ ಕಮ್ಮಿಯಾದರೆ ಗೋಡೆ ಜಾಸ್ತಿ ಬಾಗುತ್ತದೆ, ಬಾಗಿದಷ್ಟೂ ಬಿಸಿ, ಒಡೆಯುವುದು ಆ ಬಿಸಿಗೆ. ನೈಟ್ರೋಜನ್ ಬೇಕೇ ಅಂತ ಕೇಳುವವರಿಗೆ: ಮಾಮೂಲಿ ಗಾಳಿಯಲ್ಲೇ ನೂರಕ್ಕೆ 78 ಪಾಲು ಅದೇ ಇದೆ. ತಿಂಗಳಿಗೊಮ್ಮೆ ಪುಕ್ಕಟೆ ಗಾಳಿ ನೋಡಿಸಿಕೊಂಡರೆ ಸಾಕು.

ನಿಮ್ಮ ಗಾಡಿಯಿಂದ ಬಿಚ್ಚಿದ ಸವೆದ ಟೈರ್ ಬೇಕೆಂದರೆ ಕೊಡುತ್ತೇವೆ, ಆದರೆ ಪಕ್ಕದ ಗೋಡೆಗೆ ತೂತು ಹೊಡೆದೇ ಕೊಡುತ್ತೇವೆ. ಇಲ್ಲದಿದ್ದರೆ ಅದು ಮತ್ತೆ ಕಟಿಂಗ್ ಆಗಿ ಯಾರದೋ ಗಾಡಿಗೆ ಬರುತ್ತದೆ. ತದಡಿಯ ಬೋಟಿನವರಿಗೆ ಇದರಿಂದ ತೊಂದರೆಯಿಲ್ಲ, ಬೋಟಿನ ಪಕ್ಕಕ್ಕೆ ಕಟ್ಟಲು ಹೇಗೂ ತೂತು ಬೇಕು. ಅಂಗಳದಲ್ಲಿ ಸುಮ್ನೆ ಬಿಸಾಡಲು ಒಯ್ಯಬೇಡಿ. ಮಳೆನೀರು ನಿಂತು ಡೆಂಗ್ಯೂ ಸೊಳ್ಳೆ ಆಗುತ್ತದೆ. ಬೇಡವಾದದ್ದನ್ನು ನಮ್ಮಲ್ಲೇ ಬಿಡಿ, ರಿಸೈಕ್ಲಿಂಗ್‌ಗೆ ಹೋಗುತ್ತದೆ. ಈಗ ಉಳಿದಿರುವ ಹಳೆ ಸ್ಟಾಕನ್ನೂ ಅದಕ್ಕೇ ಕಳಿಸುತ್ತಿದ್ದೇವೆ, ಕಮ್ಮಿ ರೇಟಿಗೆ ಕೊಡಿ ಅಂತ ದಯವಿಟ್ಟು ಕೇಳಬೇಡಿ.

ಮೇ ತಿಂಗಳು ಪೂರ್ತಿ ನಾಲ್ಕು ಟೈರ್ ಮತ್ತು ಸ್ಟೆಪ್ನಿಯ ಬಟನ್ ಆಳ, ವಯಸ್ಸು, ಗಾಳಿ ನೋಡಿ ಚೀಟಿಯಲ್ಲಿ ಬರೆದುಕೊಡುತ್ತೇವೆ. ಇದಕ್ಕೆ ದುಡ್ಡಿಲ್ಲ, ಟೈರ್ ಇಲ್ಲೇ ತೆಗೆದುಕೊಳ್ಳಬೇಕು ಅಂತಲೂ ಇಲ್ಲ. ಬೆಳಿಗ್ಗೆ ಬಂದರೆ ಒಳ್ಳೆಯದು, ಸಂಜೆ ಬಸ್ ಸ್ಟ್ಯಾಂಡ್ ಕಡೆಯ ರಶ್ಶಿನಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ. ಡಿಕ್ಕಿಯಲ್ಲಿ ಸಾಮಾನಿದ್ದರೆ ಮನೆಯಲ್ಲೇ ಇಳಿಸಿ ಬನ್ನಿ, ಸ್ಟೆಪ್ನಿ ಅದರ ಅಡಿಯಲ್ಲೇ ಇರುತ್ತದೆ.

ಇಂತಿ,
ನಿಮ್ಮ ಟೈರ್ ಅಂಗಡಿಯವರು, ಕುಮಟಾ