ಮೋಡವೇನೋ ಸರಿ, ಕೆಂಪು ಎಲ್ಲಿಂದ ಬಂತು?

ಮಾನ್ಯ ಸಂಪಾದಕರೆ,

ಒಂದನ್ನೊಂದು ಸೆಳೆದಾಡುವ ಗ್ಯಾಲಕ್ಸಿಗಳ ಬಳಿ ‘ನಿಗೂಢ ಅನಿಲ ಮೋಡ’ ಸಿಕ್ಕ ಸುದ್ದಿಯನ್ನು ನಿಮ್ಮ ಪತ್ರಿಕೆ ಕೆಂಡದಂಥ ಚಿತ್ರದೊಂದಿಗೆ ಪ್ರಕಟಿಸಿದೆ. ಆ ಕೆಂಪು ಕಂಪ್ಯೂಟರ್ ಬಳಿದದ್ದು ಎಂಬ ಒಂದು ಸಾಲು ಅಡಿಬರಹದಲ್ಲಿ ಇರಬೇಕಿತ್ತು. ಇಂಥ ಮೋಡಗಳಲ್ಲಿರುವುದು ಹೈಡ್ರೊಜನ್. ಅದರಿಂದ ನಮಗೆ ಸಿಗುವುದು 1420.4 ಮೆಗಾಹರ್ಟ್ಸ್‌ನ, ಅಂದರೆ 21 ಸೆಂ.ಮೀ. ಅಲೆಯುದ್ದದ, ತೀರಾ ಕ್ಷೀಣವಾದ ರೇಡಿಯೊ ಅಲೆ. ಒಂದು ಪರಮಾಣು ತಾನಾಗಿ ಇದನ್ನು ಹೊಮ್ಮಿಸಲು ಸರಾಸರಿ 1.1 ಕೋಟಿ ವರ್ಷ ಹಿಡಿಯುತ್ತದೆ. ಪರಮಾಣುಗಳಿಗೆ ಲೆಕ್ಕವಿಲ್ಲದ್ದರಿಂದ ಒಂದಿಷ್ಟು ನಮ್ಮ ಪಾಲಿಗೂ ಬರುತ್ತದೆ, ಅಷ್ಟೇ.

‘ನಿಗೂಢ’ ಅನ್ನುವ ಮೊದಲು ಆ ಮೋಡ ನಿಜವಾಗಿ ಅಲ್ಲಿದೆಯೇ ಎಂದು ನೋಡಬೇಕು. ಸಪ್ತರ್ಷಿ ಮಂಡಲದ ದಿಕ್ಕಿನ ಎಂ81, ಎಂ82 ಗ್ಯಾಲಕ್ಸಿ ಜೋಡಿಯನ್ನೇ ತೆಗೆದುಕೊಳ್ಳಿ. ದೂರ ಸುಮಾರು 1.2 ಕೋಟಿ ಜ್ಯೋತಿರ್ವರ್ಷ. ದೂರದರ್ಶಕದಲ್ಲಿ ಬೇರೆ ಬೇರೆಯಾಗಿ ಕಾಣುವ ಇವೆರಡೂ ಪಕ್ಕದ ಎನ್‌ಜಿಸಿ 3077ರೊಂದಿಗೆ ಹೈಡ್ರೊಜನ್ ನಕ್ಷೆಯಲ್ಲಿ ಎಳೆಎಳೆಯಾಗಿ ಹೆಣೆದುಕೊಂಡಿವೆ. ತೊಡಕು ಇರುವುದು ವೇಗದಲ್ಲಿ: ಅನಿಲ ನಮ್ಮತ್ತ ಬಂದರೂ ದೂರ ಸರಿದರೂ ಅಲೆಯ ಆವರ್ತನ ಬದಲಾಗುತ್ತದೆ. ಸೆಕೆಂಡಿಗೆ 1 ಕಿ.ಮೀ. ವೇಗಕ್ಕೆ ಈ ರೇಖೆ (ಅಂದರೆ ಹೈಡ್ರೊಜನ್ನಿನ ಆ ರೇಡಿಯೊ ಸಂಕೇತ) 4.7 ಕಿಲೋಹರ್ಟ್ಸ್ ಸರಿಯುತ್ತದೆ. ಎಂ81 ನಮ್ಮತ್ತ ಬರುತ್ತಿರುವುದು ಸೆಕೆಂಡಿಗೆ ಸುಮಾರು 35 ಕಿ.ಮೀ. ಮಾತ್ರ, ಹಾಗಾಗಿ ಅದರ ಸಂಕೇತ ನಮ್ಮದೇ ಆಕಾಶಗಂಗೆಯ ಹೈಡ್ರೊಜನ್ ಸಂಕೇತದ ಮೇಲೆ ಬಂದು ಬೀಳುತ್ತದೆ. ಪಕ್ಕದಲ್ಲಿ ಒಂಟಿ ಮೋಡ ಸಿಕ್ಕರೆ ಅದು ಅಲ್ಲಿಯದೋ ಇಲ್ಲಿಯದೋ ಎಂದು ತಲೆ ಕೆಡಿಸಿಕೊಳ್ಳಬೇಕು. ಸೆಕೆಂಡಿಗೆ 300 ಕಿ.ಮೀ. ವೇಗದಲ್ಲಿ ಬರುವ ಆಂಡ್ರೊಮಿಡಾಕ್ಕೆ (ಎಂ31) ಈ ಗೋಜಲು ಕಡಿಮೆ.

ಇನ್ನೊಂದು ತೊಡಕು ಉಪಕರಣದ್ದು. ಅಮೆರಿಕದ ಗ್ರೀನ್ ಬ್ಯಾಂಕ್‌ನ 100 ಮೀಟರ್ ರೇಡಿಯೊ ದೂರದರ್ಶಕದ ತಟ್ಟೆ ಈ ಅಲೆಯಲ್ಲಿ ಒಮ್ಮೆಗೆ ನೋಡುವುದು 9 ಆರ್ಕ್‌ಮಿನಿಟ್ ಅಗಲ, ಹುಣ್ಣಿಮೆ ಚಂದ್ರನ ಮೂರರಲ್ಲೊಂದು ಪಾಲಿಗೂ ಕಡಿಮೆ. ಎಂ81ರ ದೂರದಲ್ಲಿ ಅಷ್ಟೇ ಅಗಲವೆಂದರೆ 31 ಸಾವಿರ ಜ್ಯೋತಿರ್ವರ್ಷ! ಅದರೊಳಗೆ ಎರಡು ಮೋಡ ಇದ್ದರೂ ಒಂದಾಗಿಯೇ ಕಾಣುತ್ತವೆ. ಪುಣೆ ಬಳಿಯ ರೇಡಿಯೊ ದೂರದರ್ಶಕ ಜಿಎಂಆರ್‌ಟಿಯಂತೆ 45 ಮೀಟರಿನ 30 ತಟ್ಟೆಗಳನ್ನು ಹರಡಿ ಕೂಡಿಸಿದರೆ ನೋಟ ಹರಿತವಾಗುತ್ತದೆ. ಆದರೆ ತಟ್ಟೆಗಳ ನಡುವಿನ ಅತಿ ಕಡಿಮೆ ಅಂತರ ನೂರು ಮೀಟರ್ ಆಸುಪಾಸಿನದಾದ್ದರಿಂದ, ಸುಮಾರು 7 ಆರ್ಕ್‌ಮಿನಿಟ್‌ಗಿಂತ ಅಗಲವಾಗಿ, ತೆಳುವಾಗಿ ಹರಡಿದ ಅನಿಲ ಲೆಕ್ಕಕ್ಕೇ ಸಿಗದೆ ಹೋಗುತ್ತದೆ. ಒಂದರಲ್ಲಿ ಕಾಣಲಿಲ್ಲ ಅಂದಮಾತ್ರಕ್ಕೆ ಅದು ಇಲ್ಲ ಎಂದಲ್ಲ.

ಇಷ್ಟೂ ದಾಟಿ ಉಳಿದದ್ದನ್ನು ನಿಗೂಢ ಎನ್ನಬಹುದು: ಅನಿಲ ಬಂದದ್ದೆಲ್ಲಿಂದ? ಆಂಡ್ರೊಮಿಡಾ ಮತ್ತು ಎಂ33 ಗ್ಯಾಲಕ್ಸಿಗಳ ನಡುವಿನ ತೆಳು ಹೈಡ್ರೊಜನ್ನಿನಲ್ಲಿ ಸುಮಾರು ಅರ್ಧದಷ್ಟು ಕುಬ್ಜ ಗ್ಯಾಲಕ್ಸಿಗಳ ಗಾತ್ರದ ಮುದ್ದೆಗಳಾಗಿದೆ ಎಂದು ಗ್ರೀನ್ ಬ್ಯಾಂಕ್ ತಂಡ 2013ರಲ್ಲಿ ತೋರಿಸಿತು. ಗ್ಯಾಲಕ್ಸಿಗಳು ಹತ್ತಿರ ಹಾದಾಗ ಕಿತ್ತು ಬಂದ ಅನಿಲವೋ, ನಡುವಿನ ಬಿಸಿ ಅನಿಲ ತಣಿದು ಹೆಪ್ಪುಗಟ್ಟಿದ್ದೋ? ಕಿತ್ತು ಬಂದಿದ್ದರೆ ಅದರಲ್ಲಿ ನಕ್ಷತ್ರಗಳು ಬೇಯಿಸಿದ ಆಮ್ಲಜನಕದಂಥ ಧಾತುಗಳು ಹೆಚ್ಚಿರಬೇಕು. ಅದನ್ನು ಅಳೆಯಲು ಮೋಡದ ಬೆನ್ನಿಗೇ ಒಂದು ಉಜ್ವಲ ಕ್ವೇಸಾರ್ (ಬಲು ದೂರದ ಗ್ಯಾಲಕ್ಸಿಯ ಪ್ರಖರ ಕೇಂದ್ರ) ಬೇಕು, ಅದರ ಬೆಳಕು ಮೋಡದ ಮೂಲಕ ಹಾದು ಬರಬೇಕು. ಎಲ್ಲ ಮೋಡಕ್ಕೂ ಆ ಅದೃಷ್ಟವಿಲ್ಲ. ಮುಂದಿನ ಸಲ ಬಣ್ಣದ ಚಿತ್ರದ ಪಕ್ಕದಲ್ಲಿ ವೇಗದ ಗ್ರಾಫನ್ನೂ ಹಾಕಿ. ಸಾಕ್ಷ್ಯ ಇರುವುದು ಅದರಲ್ಲಿ.

ಆ ದೂರದ ಮೋಡ ಮನೆಯಲ್ಲಿ ಸಿಗದು. ಆದರೆ ಆಕಾಶಗಂಗೆಯ ಇದೇ ರೇಖೆಯನ್ನು ಬೆಂಗಳೂರಿನ ಕಾಲೇಜು ತಾರಸಿಯಿಂದಲೂ ಹಿಡಿಯಬಹುದು. ಒಂದು ಕಡೆ ಮುಚ್ಚಿದ, 15 ಸೆಂ.ಮೀ. ವ್ಯಾಸದ ತಗಡಿನ ಡಬ್ಬ ಬೇಕು, 12.4 ಸೆಂ.ಮೀ.ಗಿಂತ ಕಿರಿದಾದರೆ ಅಲೆ ಒಳಗೆ ಹರಿಯುವುದೇ ಇಲ್ಲ. ಬಾಯಿಗೆ ಸುಮಾರು 70 ಸೆಂ.ಮೀ. ಚೌಕದ ಅಲ್ಯೂಮಿನಿಯಂ ಹಾಳೆಯ ಆಲಿಕೆ. ಒಳಗೆ ಅಲೆಯನ್ನು ಹಿಡಿಯಲು 5 ಸೆಂ.ಮೀ. ಚಿಲ್ಲರೆ ಉದ್ದದ ತಾಮ್ರದ ತಂತಿ, ಮುಚ್ಚಿದ ತಳದಿಂದ ಅಲೆಯುದ್ದದ ಕಾಲುಭಾಗ ದೂರದಲ್ಲಿ. ಬಹುತೇಕರು ಎಡವುವುದು ಇಲ್ಲೇ: 21ರ ಕಾಲುಭಾಗವೆಂದು ತಂತಿಯನ್ನು ತಳದಿಂದ 5.3 ಸೆಂ.ಮೀ.ಗೆ ಕೂರಿಸುತ್ತಾರೆ. ಡಬ್ಬದೊಳಗೆ ಅಲೆ 37 ಸೆಂ.ಮೀ.ಗೆ ಹಿಗ್ಗುತ್ತದೆ, ಆದ್ದರಿಂದ 9.3 ಸೆಂ.ಮೀ. ಇರಬೇಕು. ಆಂಪ್ಲಿಫೈಯರ್ ತಂತಿಯ ಬುಡದಲ್ಲೇ ಇರಲಿ, ಉದ್ದದ ಕೇಬಲ್ ಆಮೇಲೆ. ಯುಎಸ್‌ಬಿ ರೇಡಿಯೊ ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ರಿಸೀವರ್) ಸಾಕು. 1400ರಿಂದ 1427 ಮೆಗಾಹರ್ಟ್ಸ್‌ನಲ್ಲಿ ಯಾರೂ ಪ್ರಸಾರ ಮಾಡುವಂತಿಲ್ಲ, ಆದರೂ ಎಲ್‌ಇಡಿ ಬಲ್ಬಿನ ಅಡಾಪ್ಟರಿಗೆ ಆ ನಿಯಮ ಗೊತ್ತಿಲ್ಲ, ಅದು ರೇಡಿಯೊ ಗದ್ದಲ ಹೊಮ್ಮಿಸುತ್ತದೆ. ಮೊದಲು ಆಕಾಶಗಂಗೆಯಿಂದ ದೂರದ ಆಕಾಶಕ್ಕೆ ಹತ್ತು ನಿಮಿಷ ಗುರಿಯಿಟ್ಟು ದಾಖಲಿಸಿ, ಆಮೇಲೆ ಆಕಾಶಗಂಗೆಯತ್ತ ಹತ್ತು ನಿಮಿಷ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ 1420.4ರ ಆಚೀಚೆ ಉಬ್ಬೊಂದು ಏಳುತ್ತದೆ.

– ರೇಡಿಯೊ ಖಗೋಳ ಆಸಕ್ತರು, ಬೆಂಗಳೂರು